ದುರ್ಗದರ್ಶನಕ್ಕೆ ಯಾವ ಋತು?

ಪ್ರಯಾಣಕ್ಕೆ ಹೊರಡುವ ಮುನ್ನ ಪಂಚಾಂಗವನ್ನು ಬಿಚ್ಚಿ ನೋಡುವುದು ನಮ್ಮ ಹಿರಿಯರ ವಾಡಿಕೆಯಾಗಿದ್ದಿತು. ತಿಥಿ, ವಾರ, ನಕ್ಷತ್ರಗಳನ್ನು ನೋಡಿ, ವಾರಶೂಲೆ ಯಾವ ದಿಕ್ಕಿಗಿದೆಯೆಂದು ವಿಚಾರಿಸಿ, ಆಮೇಲೆ ಬುತ್ತಿ ಕಟ್ಟುತ್ತಿದ್ದರು. ಈಗಿನ ಗೃಹಸ್ಥರು ನೋಡುವ ಪಂಚಾಂಗವೇ ಬೇರೆ. ಮಕ್ಕಳ ಶಾಲೆಗೆ ರಜ ಯಾವಾಗ, ಕಚೇರಿಯಲ್ಲಿ ಬಿಡುವು ಯಾವಾಗ, ಭಾನುವಾರದ ಹಿಂದೆಯೋ ಮುಂದೆಯೋ ಹಬ್ಬವೇನಾದರೂ ಕೂಡಿಬಂದಿದೆಯೆ ಎಂಬಿವೇ ಇಂದಿನ ತಿಥಿವಾರನಕ್ಷತ್ರಗಳು. ಇದನ್ನು ನಾನು ಆಕ್ಷೇಪಿಸುತ್ತಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಾಲೆಯ ಗಂಟೆಗೆ ಕಟ್ಟುಬಿದ್ದು ಬಾಳಿದವನಿಗೆ ರಜದ ಬೆಲೆ ಚೆನ್ನಾಗಿ ತಿಳಿದಿದೆ. ಆದರೆ ನಮಗೆ ಬಿಡುವಿನ ಕಾಲವೊಂದಿರುವಂತೆ, ನಾವು ನೋಡಹೊರಟ ಸ್ಥಳಕ್ಕೂ ತನ್ನದಾದ ಒಂದು ಕಾಲವಿರುತ್ತದೆ. ಎರಡನ್ನೂ ಹೊಂದಿಸಿಕೊಂಡು ಹೋದವನಿಗೆ ಆ ಸ್ಥಳವು ಹೇಳುವ ಮಾತೇ ಬೇರೆ.

ನಾನು ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮೇಲೆ ಹಳೆಯ ಶಿಷ್ಯರು ಬಂದಾಗಲೆಲ್ಲ ಕೇಳುವ ಪ್ರಶ್ನೆಯೊಂದುಂಟು. “ಮೇಷ್ಟ್ರೇ, ಮನೆಮಂದಿಯನ್ನೆಲ್ಲ ಕರೆದುಕೊಂಡು ಚಿತ್ರದುರ್ಗದ ಕೋಟೆಯನ್ನು ನೋಡಿ ಬರಬೇಕೆಂದಿದ್ದೇವೆ. ಯಾವಾಗ ಹೋದರೆ ಒಳ್ಳೆಯದು?” ಆ ಸೀಮೆಯ ಶಾಲೆಗಳಲ್ಲಿಯೇ ನನ್ನ ಸೇವೆಯ ಬಹುಭಾಗ ಕಳೆದುದರಿಂದ, ವರ್ಷದ ಹನ್ನೆರಡು ತಿಂಗಳಲ್ಲಿಯೂ ಆ ಬೆಟ್ಟವನ್ನು ಹತ್ತಿ ಇಳಿದವನು ನಾನು. ಒಂದೇ ಮಾತಿನಲ್ಲಿ ಉತ್ತರ ಕೊಡಬೇಕಾದರೆ, ದೀಪಾವಳಿ ಕಳೆದ ಬಳಿಕ ಕಾರ್ತಿಕ ಮಾಸದಲ್ಲಿ ಹೋಗಿರಿ ಎಂದು ಹೇಳಿಬಿಡುವೆನು. “ಏಕೆ?” ಎಂಬ ಮರುಪ್ರಶ್ನೆಗೆ ಮಾತ್ರ ಉತ್ತರ ಅಷ್ಟು ಚಿಕ್ಕದಲ್ಲ. ಆಗ ಹವೆ ಹಿತವಾಗಿರುತ್ತದೆಂಬುದು ಕಾರಣಗಳಲ್ಲಿ ಒಂದು, ಅದೂ ಕೊನೆಯದು. ಮೊದಲನೆಯ ಕಾರಣವನ್ನು ತಿಳಿಯಬೇಕಾದರೆ ಕೋಟೆ ಎಂತಹುದು, ಅದು ನಿಂತ ನೆಲ ಎಂತಹುದು ಎಂಬುದನ್ನು ಮೊದಲು ನೋಡಬೇಕು.

ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೨೦೦ ಕಿಲೋಮೀಟರು ಸಾಗಿದರೆ, ಬಯಲಿನ ನಡುವೆ ಬಂಡೆಗಳ ಮೇಲೆ ಬಂಡೆಗಳನ್ನು ಪೇರಿಸಿಟ್ಟಂತಹ ಬೆಟ್ಟಗಳ ಗುಂಪೊಂದು ಕಾಣುತ್ತದೆ. ಆ ಕಲ್ಲಿನ ವಯಸ್ಸು ೨೫೦ ಕೋಟಿ ವರ್ಷಗಳಿಗೂ ಮೀರಿದುದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಈ ಬೆಟ್ಟಗಳ ಮೈಯನ್ನು ಅನುಸರಿಸಿ, ಬಂಡೆಯಿದ್ದಲ್ಲಿ ಬಂಡೆಯನ್ನೇ ಗೋಡೆಯಾಗಿ ಮಾಡಿಕೊಂಡು, ಬಂಡೆಯಿಲ್ಲದಲ್ಲಿ ಚಪ್ಪಡಿಗಳನ್ನು ಜೋಡಿಸಿ ಎಬ್ಬಿಸಿದುದೇ ಏಳುಸುತ್ತಿನ ಕೋಟೆ. ಚಾಲುಕ್ಯ, ಹೊಯ್ಸಳರ ಕಾಲದಿಂದಲೂ ಇಲ್ಲಿ ಗುಡಿಗಳಿದ್ದವು. ವಿಜಯನಗರದ ಕೊನೆಗಾಲದಲ್ಲಿ ತಿಮ್ಮಣ್ಣನಾಯಕನು ದುರ್ಗಕ್ಕೆ ಬಂದು ನೆಲೆನಿಂತ ಮೇಲೆ ಇದು ಪಾಳೆಯಗಾರರ ರಾಜಧಾನಿಯಾಯಿತು. ೧೭೭೯ರಲ್ಲಿ ಹೈದರಾಲಿಯು ಕೋಟೆಯನ್ನು ಹಿಡಿದು ಕಡೆಯ ಮದಕರಿನಾಯಕನನ್ನು ಶ್ರೀರಂಗಪಟ್ಟಣದ ಸೆರೆಗೆ ಒಯ್ಯುವವರೆಗೂ, ಇನ್ನೂರು ವರ್ಷಗಳಿಗೆ ಮಿಕ್ಕು ಆ ನಾಯಕರ ಆಳಿಕೆ ನಡೆಯಿತು. ೧೯ ಹೆಬ್ಬಾಗಿಲು, ೩೮ ದಿಡ್ಡಿಬಾಗಿಲು, ೩೫ ಕಳ್ಳದಾರಿ ಎಂದು ಕೋಟೆಯ ಲೆಕ್ಕವನ್ನು ಜನ ಇಂದಿಗೂ ಹೇಳುತ್ತಾರೆ.

ಇನ್ನು ನೆಲದ ವಿಚಾರ. ಚಿತ್ರದುರ್ಗವು ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಸೀಮೆ. ಆಗುಂಬೆಯಲ್ಲಿ ವರ್ಷವೊಂದಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಅಲ್ಲಿಂದ ಗೆರೆಯೆಳೆದು ಅಳೆದರೆ ೧೭೦ ಕಿಲೋಮೀಟರೂ ದೂರವಿಲ್ಲದ ದುರ್ಗದ ಸೀಮೆಗೆ ದೊರೆಯುವುದು ಆರುನೂರು ಮಿಲಿಮೀಟರಿನ ಆಸುಪಾಸು. ಅದೂ ಜೂನ್, ಜುಲೈ ತಿಂಗಳುಗಳಲ್ಲಿ ಬರುವುದು ಅತ್ಯಲ್ಪ. ಹುಬ್ಬೆ, ಉತ್ತರೆ, ಹಸ್ತೆ, ಚಿತ್ತೆಗಳೆಂದು ರೈತರು ಹೆಸರಿಟ್ಟು ಕಾಯುವ ಹಿಂಗಾರಿನ ಬಾಗಿಲಿನ ಮಳೆಗಳೇ ಇಲ್ಲಿಯ ಜೀವ. ಅದೇ ಜಿಲ್ಲೆಯ ಹಿರಿಯೂರಿನ ಬಳಿ ವೇದಾವತಿ ನದಿಗೆ ಅಡ್ಡವಾಗಿ ಕಟ್ಟಿ ೧೯೦೭ರಲ್ಲಿ ಮುಗಿಸಿದ ವಾಣೀವಿಲಾಸಸಾಗರವು ೧೯೩೩ರಲ್ಲಿ ಒಮ್ಮೆ ಕೋಡಿ ಬಿದ್ದಿತು. ಮತ್ತೊಮ್ಮೆ ಕೋಡಿ ಬೀಳುವುದನ್ನು ನೋಡಲು ಆ ಸೀಮೆಯ ಜನ ೨೦೨೨ರವರೆಗೆ ಕಾಯಬೇಕಾಯಿತು. ಅಜ್ಜನು ಕಂಡುದನ್ನು ಮಗನು ಕಾಣಲಿಲ್ಲ, ಮೊಮ್ಮಗನು ಕಂಡನು. ನೀರಿನ ವಿಚಾರದಲ್ಲಿ ಈ ಸೀಮೆ ಎಂತಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಋತುಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ.

ಬಹುಮಂದಿ ಕುಟುಂಬಸ್ಥರು ಹೋಗುವುದು ಬೇಸಿಗೆಯ ರಜದಲ್ಲಿ. ವೈಶಾಖ ಜ್ಯೇಷ್ಠಗಳ ಬಿಸಿಲಿನಲ್ಲಿ ದುರ್ಗದ ಬಂಡೆಗಳು ಕಾದ ಕಾವಲಿಯಂತಾಗುತ್ತವೆ. ಹಗಲೆಲ್ಲ ಕುಡಿದ ಬಿಸಿಲನ್ನು ಅವು ಇರುಳಿನ ಜಾವದವರೆಗೂ ಉಗುಳುತ್ತಲೇ ಇರುತ್ತವೆ. ಗುಡಿಯ ಮುಂದೆ ಪಾದರಕ್ಷೆ ಬಿಟ್ಟು ಅಂಗಳ ದಾಟುವಷ್ಟರಲ್ಲಿ ಮಕ್ಕಳು ಕುಣಿದಾಡುವರು. ಮೂರನೆಯ ಬಾಗಿಲಿಗೆ ಬರುವುದರೊಳಗೆ ತಂದ ನೀರು ಮುಗಿದಿರುತ್ತದೆ; ಐದನೆಯ ಬಾಗಿಲಿನಲ್ಲಿ ಹಿರಿಯರು ನೆರಳು ಹುಡುಕಿ ಕುಳಿತುಬಿಡುವರು. ಹೊಂಡಗಳು ತಳ ಕಂಡು, ಉಳಿದ ನೀರು ಹಸುರು ಪಾಚಿಯಾಗಿ ನಿಂತಿರುತ್ತದೆ. ಆಗ ಹೋದವರು ಬಾಯಾರಿದ ಬಂಡೆಗಳನ್ನು ನೋಡಿಕೊಂಡು ಬಂದು, “ಕಲ್ಲು, ಬರಿಯ ಕಲ್ಲು, ಇಲ್ಲಿ ಮನುಷ್ಯರು ಹೇಗೆ ಬದುಕಿದರೋ!” ಎನ್ನುವರು. ಈ ಋತುವಿನಿಂದ ಒಂದು ಪ್ರಯೋಜನವಿಲ್ಲದಿಲ್ಲ. ನೀರಿಳಿದ ಹೊಂಡದ ಪಾವಟಿಗೆಗಳು, ಕಟ್ಟೆಯ ಕಲ್ಲುಗಳನ್ನು ಜೋಡಿಸಿದ ಬಗೆ, ಇವು ಕಣ್ಣಿಗೆ ಬೀಳುವುದು ಆಗಲೇ. ಶಿಲ್ಪವನ್ನು ಅಭ್ಯಾಸಮಾಡತಕ್ಕವರಿಗೆ ಅದು ಲಾಭ. ಮಕ್ಕಳು ಮರಿಗಳೊಡನೆ ಹೋಗತಕ್ಕವರಿಗೆ ಅಲ್ಲ.

ಆಷಾಢದಲ್ಲಿ ದುರ್ಗವು ಗಾಳಿಯ ರಾಜ್ಯ. ಮಲೆನಾಡಿನಲ್ಲಿ ತಮ್ಮ ಭಾರವನ್ನಿಳಿಸಿದ ಮುಗಿಲುಗಳು ಹಗುರವಾಗಿ, ಇಲ್ಲಿ ನಿಲ್ಲದೆ ಮೂಡಲಿಗೆ ಓಡುತ್ತಿರುತ್ತವೆ. ಬುರುಜಿನ ಮೇಲೆ ನಿಂತರೆ ಉತ್ತರೀಯ ಮೈಮೇಲಿರುವುದಿಲ್ಲ. ಪಕ್ಕದವರ ಮಾತು ಕಿವಿಗೆ ಬೀಳುವುದಿಲ್ಲ. ಸುತ್ತಣ ಬೆಟ್ಟಗಳ ಸಾಲಿನಲ್ಲಿ ಇತ್ತೀಚೆಗೆ ವಿದ್ಯುತ್ತಿಗಾಗಿ ನಿಲ್ಲಿಸಿರುವ ಗಾಳಿಯಂತ್ರಗಳು ತಮ್ಮ ಉದ್ದ ರೆಕ್ಕೆಗಳನ್ನು ಬೀಸುವುದನ್ನು ನೋಡಿದರೆ ಗಾಳಿಯ ಪ್ರತಾಪ ತಿಳಿಯುತ್ತದೆ. ಬಿಸಿಲಿನ ಬಾಧೆ ಇಲ್ಲವಾದುದರಿಂದ ತರುಣರಿಗೆ ಇದು ಸೊಗಸಾದ ಕಾಲ. ಎಳೆಯ ಕೂಸನ್ನೆತ್ತಿಕೊಂಡ ತಾಯಂದಿರಿಗೂ ಕೋಲೂರಿ ನಡೆವವರಿಗೂ ಎತ್ತರದ ಜಾಗಗಳಲ್ಲಿ ಕ್ಷೇಮವಲ್ಲ.

ಶ್ರಾವಣ ಭಾದ್ರಪದಗಳಲ್ಲಿ ಬಂಡೆಯ ಸಂದಿಗಳಲ್ಲಿ ಹುಲ್ಲು ಚಿಗುರಿ, ಬೆಟ್ಟವು ಒಂದು ಬಗೆಯ ಎಳೆಹಸುರನ್ನು ಹೊದೆಯುತ್ತದೆ. ಜಿನುಗುಮಳೆಗೆ ಮೆಟ್ಟಿಲುಗಳು ಜಾರುತ್ತವೆ. ತುಪ್ಪದಕೊಳದ ಬತೇರಿಗೆ ಹತ್ತಲು ಬಂಡೆಯಲ್ಲಿ ಕಾಲಿಡುವಷ್ಟೇ ಕಚ್ಚುಗಳನ್ನು ಕಡೆದಿದ್ದಾರೆ. ಒಣಗಿದ ದಿನದಲ್ಲಿಯೇ ಅಲ್ಲಿ ಎಚ್ಚರ ಬೇಕು. ತೊಯ್ದ ದಿನದಲ್ಲಿ ಅತ್ತ ಹೋಗಲೇಬಾರದು. ಆಶ್ವಯುಜದಲ್ಲಿ ಹಗಲು ತಿಳಿಯಾಗಿದ್ದು ಇಳಿಹೊತ್ತಿಗೆ ಗುಡುಗು ಮಿಂಚುಗಳೊಡನೆ ದಪ್ಪಹನಿಯ ಮಳೆ ಬಡಿಯುತ್ತದೆ. ಬಯಲು ಬಂಡೆಯ ಮೇಲೆ ಸಿಡಿಲಿನ ಭಯವಿರುವುದರಿಂದ ಆಗಲೂ ಹೋಗುವುದು ಉಚಿತವಲ್ಲ.

ಮಾರ್ಗಶಿರ ಪುಷ್ಯಗಳ ಚಳಿಗಾಲ ಹಿತವಾದುದೇ. ಆದರೆ ಶಾಲೆಗಳ ಪ್ರವಾಸಗಳೆಲ್ಲ ಆಗಲೇ ಹೊರಡುವುದರಿಂದ ಬಾಗಿಲುಗಳಲ್ಲಿ ಸಂತೆಯ ಗದ್ದಲ. ಆ ಗದ್ದಲವನ್ನು ನಾನೇ ಎಷ್ಟೋ ವರ್ಷ ಸಾಲುಹಿಡಿಸಿ ಕರೆದುಕೊಂಡು ಹೋದವನಾದುದರಿಂದ ಅದರ ಮೇಲೆ ಕೋಪವೇನೂ ಇಲ್ಲ. ಆ ವೇಳೆಗೆ ಹುಲ್ಲು ಹೊಂಬಣ್ಣಕ್ಕೆ ತಿರುಗಿ, ಹೊಂಡಗಳ ನೀರು ಒಂದೆರಡು ಪಾವಟಿಗೆ ಇಳಿದಿರುತ್ತದೆ. ಮಾಘ ಕಳೆದು ಫಾಲ್ಗುಣ ಬಂದಿತೆಂದರೆ ಬಿಸಿಲು ಮತ್ತೆ ಮೊನೆಗೊಳ್ಳುವುದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರು ಎಳೆಯುವುದು ಆ ತಿಂಗಳಿನಲ್ಲಿ. ಕೆರೆಗಳನ್ನು ಕಟ್ಟಿಸಿದನೆಂಬುದೇ ಆ ಮಹಾತ್ಮನ ದೊಡ್ಡ ಕೀರ್ತಿ. ಈ ಸೀಮೆಯಲ್ಲಿ ಅರಸನಾಗಲಿ ಅವಧೂತನಾಗಲಿ ಜನರ ನೆನಪಿನಲ್ಲಿ ಉಳಿಯಬೇಕಾದರೆ ನೀರು ನಿಲ್ಲಿಸಿರಬೇಕು. ನಾಯಕರಲ್ಲಿ ಭರಮಣ್ಣನು ಕಾದಿದ ಕಾಳಗಗಳನ್ನು ಬಲ್ಲವರು ವಿರಳ. ಅವನ ಹೆಸರಿನ ಭರಮಸಾಗರವನ್ನು ಅರಿಯದವರು ದಾವಣಗೆರೆಯ ದಾರಿಯಲ್ಲಿ ಯಾರೂ ಇಲ್ಲ.

ಇಲ್ಲಿಂದಲೇ ನನ್ನ ಮುಖ್ಯ ಮಾತು ಹೊರಡುತ್ತದೆ. ಒಂದು ವರ್ಷ ಮಕ್ಕಳನ್ನು ಕರೆದುಕೊಂಡು ಕೋಟೆಯ ಮೇಲಣ ಗೋಪಾಲಸ್ವಾಮಿ ಹೊಂಡದ ದಡದಲ್ಲಿ ಕುಳಿತಿದ್ದಾಗ, ಹಳ್ಳಿಯ ಹುಡುಗನೊಬ್ಬನು, “ಸಾರ್, ಇಲ್ಲಿಗೆ ನೀರು ಏರಿಸೋ ಮೋಟಾರು ಎಲ್ಲಿ ಇಟ್ಟಿದ್ರು?” ಎಂದು ಕೇಳಿದನು. ಉಳಿದ ಮಕ್ಕಳು ಗೊಳ್ಳೆಂದು ನಕ್ಕರು. ಆ ದಿನ ಕೇಳಿದ ಪ್ರಶ್ನೆಗಳಲ್ಲಿ ಅದೇ ಉತ್ತಮವಾದುದೆಂದು ನಾನು ಅವರಿಗೆ ಹೇಳಬೇಕಾಯಿತು. ನದಿಯಿಲ್ಲ, ತೊರೆಯಿಲ್ಲ, ಊರಿನ ನೆಲಕ್ಕಿಂತ ಅಷ್ಟು ಎತ್ತರದಲ್ಲಿ, ಕಲ್ಲುಬೆಟ್ಟದ ನೆತ್ತಿಯ ಹತ್ತಿರ, ಅರಮನೆಗೂ ಕಣಜಕ್ಕೂ ಟಂಕಸಾಲೆಗೂ ಗುಡಿಗಳಿಗೂ ಸೇನೆಗೂ ಕುದುರೆಗಳಿಗೂ ಸಾಕಾಗುವಷ್ಟು ನೀರು ಎಲ್ಲಿಂದ ಬಂದಿತು? ಕೆಳಗಿನಿಂದ ಅದು ಏರಿದುದಲ್ಲ. ಮೇಲಿನಿಂದ ಬಿದ್ದುದು, ಬಿದ್ದುದನ್ನು ಬಿಡದೆ ಹಿಡಿದುದು.

ಮನೆಯ ಸೂರಿನ ನೀರಿಗೆ ಹಂಡೆಯಿಟ್ಟು ಬಲ್ಲ ಗೃಹಿಣಿಯರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಮಣ್ಣಿನ ನೆಲದ ಮೇಲೆ ಬಿದ್ದ ಮಳೆಯಲ್ಲಿ ಬಹುಪಾಲು ಇಂಗಿಹೋಗುವುದು. ಬಂಡೆಯ ಮೇಲೆ ಬಿದ್ದುದು ಇಂಗಲಾರದು, ಹರಿಯಲೇಬೇಕು. ಹಾಗೆ ನೋಡಿದರೆ ದುರ್ಗದ ಬೆಟ್ಟವೆಲ್ಲ ಒಂದು ಮಹಾಸೂರು. ಆ ಸೂರಿನ ಇಳಿಜಾರು ಎತ್ತ ಕಡೆಗಿದೆ, ಯಾವ ಎರಡು ಬಂಡೆಗಳ ನಡುವೆ ನೀರು ಧುಮುಕುತ್ತದೆ ಎಂಬುದನ್ನು ಹಿಂದಿನವರು ಮಳೆಯಲ್ಲಿ ನಿಂತು ನೋಡಿ ಗುರುತಿಸಿರಬೇಕು. ಆ ಕಡೆಗಳಲ್ಲಿ ಕಟ್ಟೆಯನ್ನು ಹಾಕಿ ಹೊಂಡಗಳನ್ನು ಮಾಡಿದರು. ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುವುದು. ಅಲ್ಲಿಂದ ಹೆಚ್ಚಾದುದು ಸಿಹಿನೀರು ಹೊಂಡಕ್ಕೆ. ಅದೂ ತುಂಬಿದರೆ ಕೆಳಗೆ ಊರೊಳಗಿನ ಸಂತೆಹೊಂಡಕ್ಕೆ. ಮೇಲಿನವನು ಉಂಡು ಉಳಿದುದು ಕೆಳಗಿನವನಿಗೆ ಸಲ್ಲುವ ಏರ್ಪಾಡು. ಒಂದು ಹೊಂಡದಲ್ಲಿ ಕೆಸರು ತಂಗಿ, ಮುಂದಿನದಕ್ಕೆ ನೀರು ತಿಳಿಯಾಗಿ ಹೋಗುವ ಅನುಕೂಲವೂ ಇದರಲ್ಲಿ ಅಡಗಿದೆ. ಕಂತ್ರಿಗಳಾಗಲಿ ಕೊಳವೆಗಳಾಗಲಿ ಇಲ್ಲದೆ, ಇಳಿಜಾರನ್ನೇ ಆಳಾಗಿ ದುಡಿಸಿಕೊಂಡ ಜಾಣ್ಮೆಯಿದು.

ಈ ಜಾಣ್ಮೆ ನಾಯಕರ ಕಾಲಕ್ಕೆ ಹೊಸದಾಗಿ ಹುಟ್ಟಿದುದೂ ಅಲ್ಲ. ಕೋಟೆಯ ಪಶ್ಚಿಮದ ಮಗ್ಗುಲಿನಲ್ಲಿ ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಬೆಟ್ಟಗಳ ನಡುವೆ ಚಂದ್ರವಳ್ಳಿಯೆಂಬ ಕಣಿವೆಯುಂಟು. ಅಲ್ಲಿ ಭೈರವೇಶ್ವರನ ಗುಡಿಯ ಬಳಿಯ ಬಂಡೆಯೊಂದರ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಅದನ್ನು ಓದಿ ಬೆಳಕಿಗೆ ತಂದವರು ಮೈಸೂರಿನ ಪುರಾತತ್ತ್ವ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣರವರು. ನಾಲ್ಕನೆಯ ಶತಮಾನದ ಆ ರಾಜನು ತಾನು ಗೆದ್ದ ಅರಸರ ಹೆಸರುಗಳನ್ನು ಅಲ್ಲಿ ಹೇಳಿಸಿದ್ದಾನೆ. ಆದರೆ ಶಾಸನವನ್ನು ಹಾಕಿಸಿದುದು ಒಂದು ಕೆರೆಯ ನಿರ್ಮಾಣಕ್ಕಾಗಿ. ಕಣಿವೆಯಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಎಂಬ ಆಂಗ್ಲ ವಿದ್ವಾಂಸನೂ ಅಗೆಸಿ ನೋಡಿದನು. ಶಾತವಾಹನರ ನಾಣ್ಯಗಳೂ ರೋಮ್ ದೇಶದ ನಾಣ್ಯಗಳೂ ಅಲ್ಲಿ ದೊರೆತಿವೆ. ದೂರದೇಶದ ಹಣವು ಈ ಕಲ್ಲುಗಳ ನಡುವೆ ಬಂದು ಬೀಳಬೇಕಾದರೆ ಇಲ್ಲಿ ಊರಿರಬೇಕು, ಊರಿರಬೇಕಾದರೆ ನೀರಿರಬೇಕು.

ಓಬವ್ವೆಯ ಕಥೆಯನ್ನು ಕೇಳದ ಕನ್ನಡ ಮಗುವಿಲ್ಲ. ಹೈದರನ ಸೈನಿಕರು ಕಿಂಡಿಯೊಂದರ ಮೂಲಕ ಒಬ್ಬೊಬ್ಬರಾಗಿ ನುಸುಳಿದುದನ್ನೂ, ಕಹಳೆಯ ಮುದ್ದಹನುಮನ ಹೆಂಡತಿಯು ಒನಕೆಯಿಂದ ಅವರನ್ನು ಒಬ್ಬೊಬ್ಬರನ್ನಾಗಿ ಬಡಿದುದನ್ನೂ ತಾಯಂದಿರು ಹೇಳಿದ್ದಾರೆ; ೧೯೭೨ರಲ್ಲಿ ಬಂದ ‘ನಾಗರಹಾವು’ ಚಿತ್ರವು ಮನೆಮನೆಗೆ ಕಾಣಿಸಿದೆ. ಆದರೆ ಆಕೆ ಆ ಹೊತ್ತಿನಲ್ಲಿ ಕಿಂಡಿಯ ಬಳಿ ಹೋದುದೇಕೆಂಬುದನ್ನು ಎಲ್ಲರೂ ನೆನಪಿನಲ್ಲಿಟ್ಟುಕೊಂಡಂತೆ ತೋರುವುದಿಲ್ಲ. ಊಟಕ್ಕೆ ಬಂದ ಗಂಡನಿಗೆ ಕುಡಿಯಲು ನೀರು ತರುವುದಕ್ಕಾಗಿ ಹೋದಳು. ಆ ಕಿಂಡಿಯ ಹತ್ತಿರ ತಣ್ಣೀರುದೋಣಿಯೆಂಬ ಚಿಕ್ಕ ಒರತೆ ಇಂದಿಗೂ ಇದೆ. ಶೌರ್ಯದ ಆ ದೊಡ್ಡ ಕಥೆಯ ಮೊದಲಲ್ಲಿ ನಿಂತಿರುವುದು ಒಂದು ಕೊಡ.

ಈ ನೀರಿಗೂ ನಾನು ಹೇಳಿದ ಕಾರ್ತಿಕ ಮಾಸಕ್ಕೂ ಸಂಬಂಧವೇನೆಂದು ವಾಚಕರು ಕೇಳಬಹುದು. ನಮ್ಮ ಪ್ರಾಚೀನರ ರಾಜನೀತಿಯಲ್ಲಿ ಯುದ್ಧಕ್ಕೂ ಋತುವಿದ್ದಿತು. ಮಳೆ ನಿಂತು, ದಾರಿಯ ಕೆಸರು ಆರಿ, ಹೊಳೆಗಳು ದಾಟುವಂತಾದ ಮೇಲೆ ದಂಡು ಹೊರಡುವುದು. ಕಾಳಿದಾಸನ ರಘುಮಹಾರಾಜನು ದಿಗ್ವಿಜಯಕ್ಕೆ ಹೊರಡುವುದು ಶರತ್ಕಾಲದಲ್ಲಿ. ಕೌಟಿಲ್ಯನು ಮಾರ್ಗಶಿರದ ದಂಡಯಾತ್ರೆಯನ್ನು ಹೇಳುವಾಗ ಅದಕ್ಕೆ ಕಾರಣಗಳನ್ನೂ ಕೊಡುತ್ತಾನೆ. ಆಗ ಶತ್ರುವಿನ ಹಳೆಯ ದವಸ ಮುಗಿದಿರುತ್ತದೆ, ಹೊಸದು ಇನ್ನೂ ಕಣಜಕ್ಕೆ ಬಂದಿರುವುದಿಲ್ಲ, ಮಳೆಯಿಂದ ಕೆಟ್ಟ ಕೋಟೆಯನ್ನು ಅವನು ಇನ್ನೂ ಸರಿಪಡಿಸಿಕೊಂಡಿರುವುದಿಲ್ಲ ಎಂಬುದು ಅವನ ಅಭಿಪ್ರಾಯ. ಮುತ್ತುವವನಿಗೆ ಹೇಳಿದ ಈ ಮಾತನ್ನು ಕೋಟೆಯೊಳಗಿನವನ ಕಡೆಯಿಂದ ಓದಬೇಕು. ಮಾರ್ಗಶಿರದಲ್ಲಿ ಹಗೆ ಬರುವನಾದರೆ ಕಾರ್ತಿಕದಲ್ಲಿ ನಾನು ಸಿದ್ಧನಾಗಿರಬೇಕು. ಗೋಡೆಯ ಬಿರುಕು ಮುಚ್ಚಬೇಕು, ರಾಗಿ ಜೋಳಗಳು ಕಣಜ ಸೇರಬೇಕು, ಹೊಂಡಗಳು ಕಟ್ಟೆಯ ಮಟ್ಟಕ್ಕೆ ನಿಂತಿರಬೇಕು. ಮನುಸ್ಮೃತಿಯು ಆರು ಬಗೆಯ ದುರ್ಗಗಳಲ್ಲಿ ಗಿರಿದುರ್ಗವನ್ನೇ ಶ್ರೇಷ್ಠವೆಂದು ಎಣಿಸಿ, ಆಯುಧ, ಧನ, ಧಾನ್ಯಗಳೊಡನೆ ಮೇವು ನೀರುಗಳೂ ಅಲ್ಲಿ ತುಂಬಿರಬೇಕೆಂದು ವಿಧಿಸುತ್ತದೆ. ಮುಂದಿನ ಆಶ್ವಯುಜದವರೆಗೆ ಹನ್ನೊಂದು ತಿಂಗಳು ಕೋಟೆ ಬದುಕುವುದೂ ಸಾಯುವುದೂ ಕಾರ್ತಿಕದ ಆ ಮಟ್ಟದ ಮೇಲೆ ನಿಂತಿದ್ದಿತು.

ಅಂತೂ ಕಾರ್ತಿಕದ ದುರ್ಗವೆಂದರೆ ಸಿದ್ಧವಾಗಿ ನಿಂತ ದುರ್ಗ. ಅದನ್ನು ಕಟ್ಟಿದವರು ಯಾವ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದರೋ ಆ ಸ್ಥಿತಿಯಲ್ಲಿ ಅದನ್ನು ನಾವು ನೋಡುವುದು ಆಗ ಮಾತ್ರ. ಅರಮನೆ ಈಗ ಮಣ್ಣುಗೋಡೆಯ ಮೋಟು, ಕಣಜಗಳು ಬರಿದು, ಮದ್ದು ಅರೆಯುತ್ತಿದ್ದ ನಾಲ್ಕು ದೊಡ್ಡ ಬೀಸುಕಲ್ಲುಗಳು ಬಾನಿಗೆ ಬಾಯಿಬಿಟ್ಟುಕೊಂಡು ಮಲಗಿವೆ. ೧೭೭೭ರಲ್ಲಿ ಹೈದರನು ತಿಂಗಳುಗಟ್ಟಲೆ ಮುತ್ತಿದ್ದರೂ ವಶವಾಗದ ಕೋಟೆ ಎರಡು ವರ್ಷಗಳ ಮೇಲೆ ಬಿದ್ದುದಕ್ಕೆ ಒಳಗಿನ ಭೇದವೇ ಕಾರಣವೆಂದು ಹೇಳುತ್ತ ಬಂದಿದ್ದಾರೆ. ಬಾಯಾರಿಕೆಯಿಂದ ಬಿದ್ದಿತೆಂಬ ಮಾತನ್ನು ನಾನು ಯಾರ ಬಾಯಿಂದಲೂ ಕೇಳಿಲ್ಲ. ಅಷ್ಟು ಅಂಗಗಳು ನಿಂತುಹೋದ ಆ ದೇಹದಲ್ಲಿ ಇಂದಿಗೂ ತನ್ನ ಕೆಲಸವನ್ನು ಮಾಡುತ್ತಿರುವ ಅಂಗ ಇದೊಂದೇ. ಅರಸರಿಲ್ಲ, ಕಾವಲಿನವರಿಲ್ಲ, ಆದರೂ ಚಿತ್ತೆಯ ಮಳೆ ಬಿದ್ದರೆ ಬಂಡೆ ನೀರನ್ನು ಹೊಂಡಕ್ಕೆ ಒಪ್ಪಿಸುತ್ತದೆ. ಹಾಳುಕೋಟೆಯೆಂದು ಹೇಳುವ ನಾಲಗೆ ಆ ತುಂಬಿದ ಹೊಂಡದ ಮುಂದೆ ತಡೆಯುತ್ತದೆ.

ಕೆಲವು ವರ್ಷಗಳ ಕೆಳಗೆ ನಮ್ಮ ಮನೆಯಾಕೆಯೂ ನನ್ನೊಡನೆ ಕಾರ್ತಿಕದಲ್ಲಿ ಬೆಟ್ಟ ಹತ್ತಿದಳು. ಬಾಗಿಲುಗಳ ಎಣಿಕೆಯನ್ನೂ ನಾಯಕರ ವಂಶಾವಳಿಯನ್ನೂ ನಾನು ಹೇಳುತ್ತ ಹೋದೆನು. ಆಕೆ ಏದುಸಿರು ಬಿಡುತ್ತ ಹೂಂಗುಟ್ಟುತ್ತ ಬಂದಳು. ಗೋಪಾಲಸ್ವಾಮಿ ಹೊಂಡ ಅಂಚಿನವರೆಗೆ ತುಂಬಿ, ಆಕಾಶವನ್ನೂ ಸುತ್ತಣ ಬಂಡೆಗಳನ್ನೂ ಹೊತ್ತು ನಿಂತಿದ್ದಿತು. ನಾನು ಮುಂದಿನ ವಿಷಯಕ್ಕೆ ಬಾಯಿ ತೆರೆಯುವಷ್ಟರಲ್ಲಿ, ಆಕೆ ಕೈಚೀಲದಿಂದ ಅರಿಶಿನ ಕುಂಕುಮದ ಪೊಟ್ಟಣವನ್ನು ತೆಗೆದು, ದಡದ ಕಲ್ಲಿಗೆ ಹಚ್ಚಿ, ತಲೆಯ ಹೂವಿನ ಒಂದೆಸಳನ್ನು ಅಲ್ಲಿಟ್ಟು, ಕಣ್ಣುಮುಚ್ಚಿ ಕೈಮುಗಿದಳು. ಬಯಲುಸೀಮೆಯಲ್ಲಿ ಹುಟ್ಟಿ, ಎರಡು ಹೊಲ ದಾಟಿ ನೀರು ಹೊತ್ತು ಬೆಳೆದವಳಿಗೆ ತುಂಬಿದ ನೀರಿನ ಮುಂದೆ ಏನು ಮಾಡಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಆಮೇಲೆ ಬಹಳ ಹೊತ್ತು ಚರಿತ್ರೆಯನ್ನು ಹೇಳಲಿಲ್ಲ.

ಇನ್ನು ಹೋಗತಕ್ಕವರಿಗೆ ಕೆಲವು ವ್ಯವಹಾರದ ಮಾತುಗಳು. ಹಿಂದಿನ ದಿನ ಸಂಜೆಗೇ ಊರು ಸೇರಿ, ಬೆಳಿಗ್ಗೆ ಬಂಡೆ ತಂಪಾಗಿರುವಾಗಲೇ ಹತ್ತಲು ತೊಡಗಬೇಕು. ನಿಧಾನವಾಗಿ ನೋಡಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಹೊಂಡದಲ್ಲಿ ನೀರಿದೆಯೆಂದು ಬರಿಗೈಯಲ್ಲಿ ಹೋಗದೆ, ಕುಡಿಯುವ ನೀರನ್ನು ಜೊತೆಗೊಯ್ಯಬೇಕು. ತಿಂಡಿಯ ಗಂಟನ್ನು ಕೈಯಲ್ಲಿ ಬೀಸಿಕೊಂಡು ನಡೆದರೆ ಕೋತಿಗಳು ಅತಿಥಿಗಳಾಗುವುವು. ಮಂಡಿನೋವಿನವರು ಏಕನಾಥೇಶ್ವರಿಯ ಗುಡಿ, ಕಲ್ಲಿನ ಉಯ್ಯಾಲೆಕಂಬ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರಗಳವರೆಗೆ ತಡೆತಡೆದು ಹೋಗಬಹುದು. ತುಪ್ಪದಕೊಳದ ಬತೇರಿಯನ್ನು ಹುಡುಗರಿಗೆ ಬಿಟ್ಟುಕೊಡುವುದೇ ವಿವೇಕ. ಹೊಂಡಗಳು ಆಳವಾಗಿವೆ, ಪಾವಟಿಗೆಗಳು ಪಾಚಿಗಟ್ಟಿರುತ್ತವೆ. ಮಕ್ಕಳ ಕೈಯನ್ನು ಅಲ್ಲಿ ಬಿಡಬಾರದು. ತಿಂದು ಎಸೆದ ಕಾಗದ, ಬಾಟಲು, ಪ್ಲಾಸ್ಟಿಕ್ಕಿನ ಚೀಲಗಳು ಗಾಳಿಗೆ ಹಾರಿ ನೀರಿನ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಕೋಟೆಯನ್ನು ಮುತ್ತಿದವರಾರೂ ಮಾಡದ ಕೇಡು ಅದು. ತಂದುದನ್ನು ತಿರುಗಿ ಒಯ್ಯುವುದು ಗೃಹಸ್ಥಧರ್ಮ. ಇಳಿದ ಬಳಿಕ ಊಟ ವಿಶ್ರಾಂತಿಗಳನ್ನು ಮುಗಿಸಿ, ಬಿಸಿಲು ಬಾಡಿದಾಗ ಚಂದ್ರವಳ್ಳಿಯ ಕೆರೆಯ ದಡಕ್ಕೆ ಹೋಗಿ ಕುಳಿತರೆ ದಿನವು ಸಾರ್ಥಕವಾಗುವುದು. ಸೀತಾಫಲದ ಕಾಲವೂ ಅದೇ. ಚಳ್ಳಕೆರೆಯ ಕಡೆಯ ನೆಲಗಡಲೆ ಕೀಳುವ ಕಾಲವೂ ಅದೇ. ಬಿಸಿ ಬಿಸಿಯಾಗಿ ಬೇಯಿಸಿದ ಹಸಿಗಡಲೆಕಾಯಿ ಸಿಕ್ಕರೆ ಬಿಡಬೇಡಿರಿ.

ಮಳೆ ತಪ್ಪಿದ ವರ್ಷಗಳುಂಟು. ಆಗ ಕಾರ್ತಿಕದಲ್ಲಿಯೂ ಹೊಂಡಗಳು ಅರೆಯಾಗಿಯೇ ಇರುತ್ತವೆ. ಅಂತಹ ವರ್ಷ ಹೋದವರಿಗೂ ನಷ್ಟವಿಲ್ಲ. ಕಟ್ಟೆಯ ಮೇಲಿನ ಹಳೆಯ ನೀರಿನ ಗೆರೆಯನ್ನು ಮಕ್ಕಳಿಗೆ ತೋರಿಸಿ, “ಇಲ್ಲಿಯವರೆಗೆ ಬರಬೇಕಾಗಿತ್ತು, ಬರಲಿಲ್ಲ. ಆಗ ಒಳಗಿದ್ದವರು ಏನು ಮಾಡಿರಬೇಕು?” ಎಂದು ಕೇಳಿರಿ. ಇಂದು ಕೆಳಗಿನ ಊರಿಗೆ ವಾಣೀವಿಲಾಸಸಾಗರದಿಂದಲೂ ಶಾಂತಿಸಾಗರದಿಂದಲೂ ಕೊಳವೆಯಲ್ಲಿ ನೀರು ಬರುತ್ತದೆ. ನಮ್ಮ ನಿಮ್ಮ ಮನೆಗಳಿಗೂ ಎಲ್ಲಿಂದಲೋ ಬರುತ್ತದೆ. ನಲ್ಲಿ ತಿರುಗಿಸಿದರೆ ಬರುವ ನೀರಿಗೆ ಊರಾವುದು, ಮಳೆಯಾವುದು ಎಂದು ತಿಳಿಯದೆ ಬೆಳೆಯುವ ಮಗು, ಒಂದು ದಿನ ಆ ದಡದಲ್ಲಿ ನಿಂತು ನೀರನ್ನೂ ಬಂಡೆಯನ್ನೂ ಮುಗಿಲನ್ನೂ ಒಂದೇ ನೋಟದಲ್ಲಿ ನೋಡಿದರೆ, ನಾನು ತರಗತಿಯಲ್ಲಿ ವರ್ಷವೆಲ್ಲ ಹೇಳಿದರೂ ತಿಳಿಯದುದು ಅದಕ್ಕೆ ತಿಳಿದೀತು. ಮನೆಗೆ ಮರಳಿ ತನ್ನ ಸೂರಿನ ನೀರು ಎಲ್ಲಿಗೆ ಹೋಗುತ್ತಿದೆಯೆಂದು ಅದು ಕೇಳಿದರಂತೂ ಪ್ರಯಾಣದ ಖರ್ಚೆಲ್ಲ ತೀರಿತೆಂದು ಎಣಿಸಬಹುದು.

ಕೊನೆಯದಾಗ ಒಂದು ಮಾತು. ಮುಂದಿನ ವರ್ಷ ಹೋಗೋಣ, ಮಕ್ಕಳ ಪರೀಕ್ಷೆ ಕಳೆಯಲಿ, ಮನೆಯ ಸಾಲ ತೀರಲಿ ಎಂದು ಮುಂದಕ್ಕೆ ಹಾಕುತ್ತ ಹೋಗುವ ಸ್ವಭಾವ ನಮ್ಮೆಲ್ಲರದು. ಹೊಂಡಗಳು ಕಾಯುತ್ತವೆ, ಮನೆಯ ಹಿರಿಯರ ಮೊಣಕಾಲುಗಳು ಕಾಯುವುದಿಲ್ಲ. ತಂದೆತಾಯಿಗಳು ನಡೆಯಬಲ್ಲವರಾಗಿರುವಾಗ, ಮಕ್ಕಳು ಪ್ರಶ್ನೆ ಕೇಳಬಲ್ಲವರಾಗಿರುವಾಗ, ನಡುವಿನ ನೀವು ಇಬ್ಬರ ಕೈಯನ್ನೂ ಹಿಡಿಯಬಲ್ಲವರಾಗಿರುವಾಗ ಬರುವ ಕಾರ್ತಿಕವೇ ದುರ್ಗದರ್ಶನಕ್ಕೆ ಉತ್ತಮವಾದ ಋತು. ಈ ವರ್ಷದ ಚಿತ್ತೆಯ ಮಳೆ ಚೆನ್ನಾಗಿ ಆಯಿತೆಂದು ಪತ್ರಿಕೆಯಲ್ಲಿ ಓದಿದೊಡನೆಯೇ ಬುತ್ತಿ ಕಟ್ಟಲು ಹೇಳಿರಿ.